ನೀರಿನಿಂದ ನೀರಿಗೆ

ಸಂಕಟಕ್ಕೆ ಸಿಲುಕಿದವನನ್ನು ಕುರಿತು ‘ನೀರಿನಿಂದ ತೆಗೆದ ಮೀನಿನಂತೆ ಒದ್ದಾಡಿದ’ ಎಂದು ಹೇಳುವುದು ನಮ್ಮಲ್ಲಿ ವಾಡಿಕೆ. ಮಾತು ನಿಜ. ಆದರೆ ಒಂದು ನೀರಿನಿಂದ ತೆಗೆದು ಇನ್ನೊಂದು ನೀರಿಗೆ ಬಿಟ್ಟ ಮೀನು ಏನಾಗುತ್ತದೆ? ಅದು ಒದ್ದಾಡುವುದಿಲ್ಲ. ನೋಡುವವರ ಕಣ್ಣಿಗೆ ಅದು ಈಜುತ್ತಲೇ ಇರುತ್ತದೆ, ಇಲ್ಲವೆ ಎಲ್ಲಿಯೋ ಅಡಗಿ ಕಾಣದೆ ಹೋಗುತ್ತದೆ. ಆ ಸಂಕಟವನ್ನು ಹೇಳುವ ಮಾತು ನನಗೆ ನಮ್ಮ ಗಾದೆಗಳಲ್ಲಿ ಸಿಕ್ಕಿಲ್ಲ. ಇಂದು ನಾನು ಹೇಳಹೊರಟಿರುವುದು ಅಂಥ ಒಂದು ಮೀನಿನ ವಿಚಾರ. ಮೂವತ್ತು ವರ್ಷಕಾಲ ಹಳಗನ್ನಡ ಕಾವ್ಯಗಳ ಪಾಠ ಹೇಳಿದವನು ಮೀನು ಸಾಕುವ ವಿಷಯಕ್ಕೆ ಏಕೆ ಕೈಹಾಕಿದನೆಂದು ಕೇಳುಗರಿಗೆ ಆಶ್ಚರ್ಯವಾಗಬಹುದು. ಸಾಕಿದವನು ನಾನಲ್ಲ, ನನ್ನ ಮಗಳು ಮತ್ತು ಅಳಿಯ. ಅವರೊಡನೆ ಕುಳಿತು ಕಾದವನು ಮಾತ್ರ ನಾನು.

ಕೆಲವು ವರ್ಷಗಳ ಹಿಂದೆ ಒಂದು ಚಳಿಗಾಲವನ್ನು ಅಮೆರಿಕದ ಸ್ಯಾನ್ ಡಿಯಾಗೋ ನಗರದಲ್ಲಿರುವ ಮಗಳ ಮನೆಯಲ್ಲಿ ಕಳೆದೆ. ಅವರ ನಡುಮನೆಯಲ್ಲಿ ಮುನ್ನೂರು ಲೀಟರು ಹಿಡಿಸುವ ಗಾಜಿನ ತೊಟ್ಟಿಯೊಂದಿತ್ತು. ಅದರೊಳಗೆ ಉಪ್ಪುನೀರು, ಸಮುದ್ರದ ಕಲ್ಲು, ಹವಳದ ಗಿಡ್ಡ ಪೊದೆಗಳು, ನಾಲ್ಕಾರು ಮೀನು. ಸಮುದ್ರವನ್ನು ಗಾಜಿನಲ್ಲಿ ಹಿಡಿದಿಡುವ ಈ ಹಂಬಲ ಹೊಸದೇನಲ್ಲ. 1832ರಲ್ಲಿ ಸಿಸಿಲಿ ದ್ವೀಪದ ಮೆಸ್ಸಿನಾದಲ್ಲಿದ್ದ ಜೀನ್ ವಿಲ್‌ಪ್ರೂ ಪವರ್ ಎಂಬ ಫ್ರೆಂಚ್ ಮಹಿಳೆ ಕಡಲಜೀವಿಗಳನ್ನು ಬದುಕಿರುವಂತೆಯೇ ನೋಡಬೇಕೆಂದು ಗಾಜಿನ ತೊಟ್ಟಿಗಳನ್ನು ಮಾಡಿಸಿದಳು. 1853ರಲ್ಲಿ ಲಂಡನ್ನಿನ ಪ್ರಾಣಿ ಸಂಗ್ರಹಾಲಯದಲ್ಲಿ ಸಾರ್ವಜನಿಕರ ವೀಕ್ಷಣೆಗೆ ಮೀನಿನ ಮನೆ ತೆರೆಯಿತು. ಮರುವರ್ಷ ಫಿಲಿಪ್ ಗಾಸ್ ಬರೆದ ಪುಸ್ತಕವನ್ನು ಓದಿ ಇಂಗ್ಲೆಂಡಿನ ಮನೆಮನೆಯಲ್ಲೂ ಆ ಹುಚ್ಚು ಹಬ್ಬಿತು. ಆಗಿನವರು ತಂದಿಟ್ಟ ಜೀವಿಗಳಲ್ಲಿ ಬಹಳಷ್ಟು ಬೇಗನೆ ಸಾಯುತ್ತಿದ್ದವು. ನೀರನ್ನು ತರುವುದು ಸುಲಭ. ಅದನ್ನು ಜೀವ ಉಳಿಯುವಂಥ ನೀರಾಗಿ ಉಳಿಸುವುದು ಕಷ್ಟ.

ಈಗ ನಮ್ಮ ಮೀನಿನ ಪರಿಚಯ ಮಾಡಿಕೊಳ್ಳೋಣ. ಇಂಗ್ಲಿಷಿನಲ್ಲಿ ಇದನ್ನು ‘ಲೆಪರ್ಡ್ ರ‍್ಯಾಸ್’ ಎನ್ನುತ್ತಾರೆ. ರ‍್ಯಾಸ್ ಎಂಬುದು ಬ್ರಿಟನ್ನಿನ ನೈಋತ್ಯ ಮೂಲೆಯ ಕಾರ್ನಿಷ್ ಭಾಷೆಯಿಂದ ಬಂದ ಶಬ್ದ. ಮೂಲದಲ್ಲಿ ಅದಕ್ಕೆ ಹಣ್ಣುಹಣ್ಣು ಮುದುಕಿ ಎಂದರ್ಥ. ದಪ್ಪ ತುಟಿಯ ಆ ಮೀನುಗಳ ಮುಖ ನೋಡಿ ಬೆಸ್ತರು ಇಟ್ಟ ಹೆಸರಿರಬೇಕು. ಈ ಕುಟುಂಬದಲ್ಲಿ ಐನೂರಕ್ಕೂ ಹೆಚ್ಚು ಜಾತಿಗಳಿವೆ. ಅವುಗಳಲ್ಲಿ ಚುಕ್ಕಿಯ ಮೈಯುಳ್ಳ ಒಂದು ಸಣ್ಣ ಗುಂಪಿಗೆ ಚಿರತೆಯ ಹೆಸರು ಅಂಟಿಕೊಂಡಿದೆ. ನಾವು ಚಿರತೆಮೀನು ಎನ್ನಬಹುದು. ಹೆಸರು ಚಿರತೆಯದಾದರೂ ಉದ್ದ ಗೇಣಿಗಿಂತಲೂ ಕಡಿಮೆ. ದೊಡ್ಡದೆಂದರೆ 15 ಸೆಂಟಿಮೀಟರು. ಹಿಂದೂ ಮಹಾಸಾಗರ ಮತ್ತು ಶಾಂತಸಾಗರಗಳ ಹವಳದ ದಿಬ್ಬಗಳ ನಡುವೆ, ಮರಳು ಹಾಸಿದ ತಾಣಗಳಲ್ಲಿ ಇವುಗಳ ವಾಸ.

ಶಾಸ್ತ್ರಜ್ಞರು ಇಟ್ಟ ಹೆಸರುಗಳಲ್ಲಿ ಇನ್ನಷ್ಟು ಸ್ವಾರಸ್ಯವಿದೆ. ಗುಂಪಿನ ಹೆಸರು ‘ಮ್ಯಾಕ್ರೊಫ್ಯಾರಿಂಗೊಡಾನ್’. ಬಟೇವಿಯಾದಲ್ಲಿ ಡಚ್ ಸೈನ್ಯದ ವೈದ್ಯನಾಗಿದ್ದು ಬಿಡುವಿನಲ್ಲೆಲ್ಲ ಮೀನುಗಳನ್ನು ಅಭ್ಯಾಸ ಮಾಡಿದ ಪೀಟರ್ ಬ್ಲೀಕರ್ 1862ರಲ್ಲಿ ಇಟ್ಟದ್ದು. ‘ಗಂಟಲಲ್ಲಿ ದೊಡ್ಡ ಹಲ್ಲುಳ್ಳದ್ದು’ ಎಂದು ಅದರ ಅರ್ಥ. ಈ ಹೆಸರನ್ನು ನೆನಪಿಡಬೇಕು; ಮೀನಿನ ಊಟದ ಗುಟ್ಟೆಲ್ಲ ಅದರಲ್ಲಿದೆ. ಗುಂಪಿನ ಒಂದು ಜಾತಿಗೆ ‘ಮೆಲಿಯಾಗ್ರಿಸ್’ ಎಂಬ ಹೆಸರು 1839ರಲ್ಲಿ ಬಂತು. ಅದು ಗ್ರೀಕರು ಗಿನಿಕೋಳಿಗೆ ಹೇಳುತ್ತಿದ್ದ ಮಾತು. ಮೆಲಿಯಾಗರನೆಂಬ ವೀರ ಸತ್ತಾಗ ಅವನ ತಂಗಿಯರು ಅತ್ತು ಅತ್ತು ಗಿನಿಕೋಳಿಗಳಾದರೆಂದೂ, ಆ ಹಕ್ಕಿಯ ಮೈಮೇಲಿನ ಬಿಳಿ ಚುಕ್ಕಿಗಳು ಅವರ ಕಣ್ಣೀರ ಹನಿಗಳೆಂದೂ ಅಲ್ಲಿನ ಕಥೆ. ಮಗಳ ಮನೆಗೆ ಬಂದದ್ದು ಇನ್ನೊಂದು ಜಾತಿ, ‘ಬೈಪಾರ್ಟಿಟಸ್’. ಎಂದರೆ ಎರಡಾಗಿ ಭಾಗವಾದದ್ದು. ಹೆಸರಿಟ್ಟವರು ದಕ್ಷಿಣ ಆಫ್ರಿಕದ ಜೆ. ಎಲ್. ಬಿ. ಸ್ಮಿತ್, 1957ರಲ್ಲಿ. ಯುಗಗಳ ಹಿಂದೆಯೇ ಅಳಿದುಹೋಯಿತೆಂದು ನಂಬಿದ್ದ ಸೀಲಕ್ಯಾಂತ್ ಮೀನನ್ನು 1939ರಲ್ಲಿ ಜಗತ್ತಿಗೆ ಪರಿಚಯಿಸಿದವರೂ ಅವರೇ. ಈ ಜಾತಿಯ ಹೆಣ್ಣಿನ ಮೈ ಮೇಲ್ಭಾಗದಲ್ಲಿ ಕಿತ್ತಳೆ ಬಣ್ಣ, ಅದರ ಮೇಲೆ ಬಿಳಿ ಚುಕ್ಕಿ. ಹೊಟ್ಟೆಯ ಕಡೆಗೆ ಕಪ್ಪು. ಯಾರೋ ಎರಡು ಬೇರೆ ಬೇರೆ ಸೀರೆಯ ತುಂಡುಗಳನ್ನು ಸೇರಿಸಿ ಹೊಲಿದಂತೆ ಕಾಣುತ್ತದೆ.

ಹೆಣ್ಣು ಎಂದೆನಷ್ಟೆ. ಅದೂ ಶಾಶ್ವತವಲ್ಲ. ಒಂದು ಗಂಡು, ಅದರ ಸುತ್ತ ಹಲವು ಹೆಣ್ಣು, ಇದು ಇವುಗಳ ಸಂಸಾರದ ರೀತಿ. ಗಂಡು ಇಲ್ಲವಾದಾಗ ಹೆಣ್ಣುಗಳಲ್ಲಿ ದೊಡ್ಡದು ಕ್ರಮೇಣ ಬಣ್ಣ ಬದಲಿಸಿ ತಾನೇ ಗಂಡಾಗುತ್ತದೆ. ಇಳೆಯು ಸುದ್ಯುಮ್ನನಾದ ನಮ್ಮ ಪುರಾಣದ ಕಥೆ ಕಡಲಿನಲ್ಲಿ ದಿನನಿತ್ಯದ ಸಂಗತಿ. ಸಾಕುವವರು ಇದನ್ನು ತಿಳಿದಿರಬೇಕು. ಎರಡು ಗಂಡುಗಳನ್ನು ಒಂದೇ ತೊಟ್ಟಿಗೆ ಬಿಟ್ಟರೆ ಕಾದಾಟ ತಪ್ಪದು. ಹೆಣ್ಣುಮೀನುಗಳನ್ನು ತಂದರೆ ಜಗಳವಿಲ್ಲ.

ಇಷ್ಟು ಚೆಲುವಾದ ಮೀನು ಎಲ್ಲರ ಮನೆಯಲ್ಲಿ ಏಕಿಲ್ಲವೆಂದರೆ, ತಂದವುಗಳಲ್ಲಿ ಅನೇಕ ಮೊದಲ ಕೆಲವು ವಾರಗಳಲ್ಲಿಯೇ ಸಾಯುತ್ತವೆ. ಕಾರಣ ಅದರ ಎರಡು ಸ್ವಭಾವಗಳು. ಮೊದಲನೆಯದು, ರಾತ್ರಿಯಾದೊಡನೆ ಅದು ಮರಳಿನೊಳಗೆ ಹೊಕ್ಕು ಮಲಗುತ್ತದೆ. ಹೆದರಿದಾಗಲೂ ತಲೆ ಮುಂದಾಗಿ ಮರಳಿಗೇ ಧುಮುಕುತ್ತದೆ. ಹಿಡಿದು ಪ್ಲಾಸ್ಟಿಕ್ ಚೀಲದಲ್ಲಿ ತುಂಬಿದಾಗ ಅಲ್ಲಿ ಮರಳೆಲ್ಲಿ? ಹೆದರಿದ ಮೀನು ಚೀಲದ ತಳಕ್ಕೆ ಮೂತಿ ತಿವಿದು ತಿವಿದು ದವಡೆಗೆ ಗಾಯ ಮಾಡಿಕೊಳ್ಳುತ್ತದೆ. ಎರಡನೆಯದು ಊಟ. ಹವಳದ ಕಲ್ಲಿನ ಮೇಲೂ ಮರಳಿನಲ್ಲೂ ಇರುವ ಬರಿಗಣ್ಣಿಗೆ ಕಂಡೂ ಕಾಣದಂಥ ಜೀವಿಗಳೇ ಇದರ ಆಹಾರ: ಸುಣ್ಣದ ಚಿಪ್ಪು ಹೊತ್ತ ಫೊರಾಮಿನಿಫೆರ ಎಂಬ ಏಕಕೋಶ ಜೀವಿಗಳು, ಎಳೆಯ ಬಸವನಹುಳು, ಕೋಪೆಪಾಡ್ ಎಂಬ ಸಣ್ಣ ಹುಳುಗಳು. ಬಾಯಿಂದ ಹೆಕ್ಕಿ, ಗಂಟಲ ಹಲ್ಲಿನಲ್ಲಿ ಚಿಪ್ಪನ್ನು ಅರೆದು ನುಂಗುವುದು ಅದರ ಕ್ರಮ. ಬೆಳಗಿನಿಂದ ಸಂಜೆಯವರೆಗೆ ಹೆಕ್ಕುತ್ತಲೇ ಇರಬೇಕು. ಅಂಗಡಿಯ ಒಣ ಆಹಾರವನ್ನು ಅದು ಆಹಾರವೆಂದೇ ಗುರುತಿಸುವುದಿಲ್ಲ. ದವಡೆ ನೊಂದ, ಹಸಿದ, ಹೆದರಿದ ಜೀವ ಸಾವಿರಾರು ಮೈಲಿ ದಾಟಿ ಬರುತ್ತದೆ. ನಮ್ಮ ಕೈಗೆ ಸಿಗುವ ಹೊತ್ತಿಗೆ ಅದರಲ್ಲಿ ಉಳಿದಿರುವ ಶಕ್ತಿ ಅಲ್ಪ.

ನಾನು ಹೋಗುವುದಕ್ಕೆ ಒಂದು ವರ್ಷ ಮೊದಲು ಅವರು ಇದೇ ಜಾತಿಯ ಒಂದು ಮೀನನ್ನು ತಂದಿದ್ದರು. ತೊಟ್ಟಿಗೆ ಬಿಟ್ಟ ಗಳಿಗೆಯಲ್ಲೇ ಅದು ಮರಳಿಗೆ ಹೊಕ್ಕಿತು. ಒಂದು ದಿನವಾಯಿತು, ಎರಡಾಯಿತು, ಮೀನಿನ ಸುಳಿವಿಲ್ಲ. ಸತ್ತು ಮರಳಿನಲ್ಲೇ ಕೊಳೆತರೆ ನೀರು ಕೆಟ್ಟು ಉಳಿದ ಜೀವಗಳಿಗೂ ಅಪಾಯವೆಂದು ಅಳಿಯನಿಗೆ ಭಯ. ಮೂರನೆಯ ದಿನ ಒಂದು ಕಡ್ಡಿಯಿಂದ ಮರಳನ್ನು ಕೆದಕಿದ. ಮೀನು ಬದುಕಿತ್ತು. ಬಾಣದಂತೆ ಹೊರಕ್ಕೆ ನೆಗೆದು ಕಲ್ಲಿಗೆ ಬಡಿದುಕೊಂಡಿತು. ಆ ಮೇಲೆ ಬಾಯಿ ತೆರೆಯಲಾರದೆ, ಏನನ್ನೂ ಮುಟ್ಟದೆ, ವಾರ ಕಳೆಯುವುದರೊಳಗೆ ಸತ್ತಿತು. “ಕೆದಕದೆ ಬಿಟ್ಟಿದ್ದರೆ ಉಳಿಯುತ್ತಿತ್ತೋ ಏನೋ, ಅಪ್ಪಾ” ಎಂದು ಮಗಳು ಇದನ್ನು ನನಗೆ ಹೇಳುವಾಗ ಅಳಿಯ ಅಲ್ಲಿಂದೆದ್ದು ಅಡುಗೆಮನೆಗೆ ಹೋದ. ಅಂಗೈಯಗಲದ ಜೀವವಾದರೂ ಕೈಯಾರೆ ಕಳೆದುಕೊಂಡ ನೋವು ನೋವೇ.

ಎರಡನೆಯ ಸಲಕ್ಕೆ ಅವರು ಮಾಡಿಕೊಂಡ ಸಿದ್ಧತೆಯನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. ಮೊದಲು ತೊಟ್ಟಿಯ ವಯಸ್ಸು. ಹೊಸ ತೊಟ್ಟಿಗೆ ಈ ಮೀನನ್ನು ತರಲಾಗದು. ಮೀನಿನ ವಿಸರ್ಜನೆಯಿಂದ ಹುಟ್ಟುವ ಅಮೋನಿಯ ವಿಷ. ಅದನ್ನು ನೈಟ್ರೈಟಾಗಿಯೂ, ಆ ಬಳಿಕ ಅಷ್ಟೇನೂ ಕೆಡುಕಲ್ಲದ ನೈಟ್ರೇಟಾಗಿಯೂ ಮಾರ್ಪಡಿಸುವ ಸೂಕ್ಷ್ಮಜೀವಿಗಳು ಕಲ್ಲಿನಲ್ಲಿ, ಮರಳಿನಲ್ಲಿ ನೆಲೆಸಲು ವಾರಗಳೇ ಬೇಕು. ಈ ಮೀನಿಗೆ ಅಷ್ಟೂ ಸಾಲದು. ಕೋಪೆಪಾಡ್ ಮುಂತಾದ ಹುಳುಗಳು ಕಲ್ಲಿನ ಸಂದಿಗೊಂದಿಗಳಲ್ಲಿ ತಾವಾಗಿ ವಂಶ ಬೆಳೆಸಿರಬೇಕು. ಆರು ತಿಂಗಳು ಕಳೆಯದ ತೊಟ್ಟಿಯನ್ನು ಅನುಭವಿಗಳು ಇದಕ್ಕೆ ಒಪ್ಪುವುದಿಲ್ಲ; ವರ್ಷ ಕಳೆದಿದ್ದರೆ ಇನ್ನೂ ಒಳ್ಳೆಯದು. ಮೀನಿಗೆ ಮೊದಲು ಮೀನಿನ ಹೊಲ ಬೆಳೆಯಬೇಕು.

ಎರಡನೆಯದು ಮರಳು. ಸಕ್ಕರೆಯಂತೆ ಸಣ್ಣದಾಗಿರಬೇಕು, ಐದರಿಂದ ಏಳು ಸೆಂಟಿಮೀಟರು ದಪ್ಪನಾಗಿ ಹಾಸಿರಬೇಕು. ಒಡೆದ ಹವಳದ ಒರಟು ಚೂರುಗಳಾದರೆ ದಿನವೂ ಒಳಹೊಕ್ಕು ಹೊರಬರುವ ಮೀನಿನ ಮೈ ತರಚಿಹೋಗುತ್ತದೆ. ಮೂರನೆಯದು ನೀರು. ಉಪ್ಪಿನ ಪ್ರಮಾಣ ಸಾವಿರ ಪಾಲಿಗೆ 35ರಷ್ಟು, ಎಂದರೆ ಸಾಪೇಕ್ಷ ಸಾಂದ್ರತೆ 1.025ರ ಆಸುಪಾಸು, ಉಷ್ಣತೆ 25–26 ಡಿಗ್ರಿ ಸೆಲ್ಸಿಯಸ್. ಎಲ್ಲಕ್ಕಿಂತ ಮುಖ್ಯವಾಗಿ, ದಿನದಿಂದ ದಿನಕ್ಕೆ ಇವು ಏರಿಳಿಯಬಾರದು. ನಾಲ್ಕನೆಯದು ಮುಚ್ಚಳ. ಹೆದರಿದರೆ ಈ ಮೀನು ನೀರಿನಿಂದಾಚೆಗೂ ನೆಗೆಯಬಲ್ಲದು. ತೊಟ್ಟಿಯ ಮೇಲೆ ಬಲೆ ಕಟ್ಟಬೇಕು. ಜೊತೆಗಿರುವ ಮೀನುಗಳೂ ಸಾಧುವಾಗಿರಬೇಕು. ಹೊಸಬನನ್ನು ಅಟ್ಟಾಡಿಸುವ ಜಗಳಗಂಟ ಮೀನೊಂದಿದ್ದರೂ ನಮ್ಮ ಮೀನು ಮರಳಿನಿಂದ ತಲೆಯೆತ್ತುವುದಿಲ್ಲ.

ಇಷ್ಟಾದರೂ ನೇರವಾಗಿ ದೊಡ್ಡ ತೊಟ್ಟಿಗೆ ಬಿಡಲಿಲ್ಲ. ಬೇರೆಯ ಕೋಣೆಯಲ್ಲಿ ಎಂಬತ್ತು ಲೀಟರಿನ ಇನ್ನೊಂದು ತೊಟ್ಟಿ. ಅದರಲ್ಲಿ ಹಳೆಯ ತೊಟ್ಟಿಯಲ್ಲಿ ಪಳಗಿದ ಒಂದು ಶೋಧಕ, ಒಂದೆರಡು ಕಲ್ಲು, ಮರಳು ತುಂಬಿದ ಗಾಜಿನ ಬೋಗುಣಿ. ರೋಗವೇನಾದರೂ ಇದ್ದರೆ ಇಲ್ಲಿಯೇ ತಿಳಿದೀತು. ಬೋಗುಣಿಯಿರುವುದರಿಂದ ಮೀನಿಗೆ ಮಲಗಲು ಹಾಸಿಗೆಯೂ ಇದ್ದೀತು.

ಒಂದು ಸಂಜೆ ಮೀನು ಬಂತು. ಮಾಲ್ದೀವ್ ದ್ವೀಪಗಳಲ್ಲಿ ಹಿಡಿದದ್ದು, ಲಾಸ್ ಏಂಜಲೀಸಿನ ವಿಮಾನ ನಿಲ್ದಾಣಕ್ಕೆ ಬಂದಿಳಿದ ಚೀಲದಲ್ಲೇ ಅಂಗಡಿಯವನು ಕೊಟ್ಟಿದ್ದ. ಚೀಲದಿಂದ ತೊಟ್ಟಿಗೆ ದಾಟಿಸುವ ಈ ಗಳಿಗೆಯನ್ನು ಕುರಿತು ಒಂದು ಮಾತು ಹೇಳಬೇಕು. ಹೊಸ ನೀರನ್ನು ಹನಿಹನಿಯಾಗಿ ಚೀಲದ ನೀರಿಗೆ ಬೆರೆಸುತ್ತ ಗಂಟೆಗಟ್ಟಲೆ ಹೊಂದಿಸುವುದು ಸಾಮಾನ್ಯ ಪದ್ಧತಿ. ಹತ್ತಿರದ ಅಂಗಡಿಯಿಂದ ಅರ್ಧ ಗಂಟೆಯಲ್ಲಿ ತಂದ ಮೀನಿಗೆ ಅದು ಸರಿ. ಒಂದು ದಿನಕ್ಕಿಂತ ಹೆಚ್ಚು ಹೊತ್ತು ಮುಚ್ಚಿದ ಚೀಲದಲ್ಲಿದ್ದ ಮೀನಿಗೆ ಅದೇ ಉಪಚಾರ ಮುಳುವಾಗಬಹುದು. ಮುಚ್ಚಿದ ಚೀಲದಲ್ಲಿ ಮೀನು ಉಸಿರಾಡಿದಂತೆಲ್ಲ ಇಂಗಾಲದ ಡೈಆಕ್ಸೈಡ್ ತುಂಬಿ ನೀರಿನ ಕ್ಷಾರಗುಣ ತಗ್ಗುತ್ತದೆ. ಅಂಥ ನೀರಿನಲ್ಲಿ ಅಮೋನಿಯ ಅಷ್ಟಾಗಿ ಕೇಡು ಮಾಡದ ರೂಪದಲ್ಲಿ ಅಡಗಿರುತ್ತದೆ. ಚೀಲದ ಬಾಯಿ ಬಿಚ್ಚಿದೊಡನೆ ಆ ಅನಿಲ ಹಾರಿಹೋಗಿ ಕ್ಷಾರಗುಣ ಮರಳಿ ಏರುತ್ತದೆ. ಅಡಗಿದ್ದ ಅಮೋನಿಯ ವಿಷವಾಗಿ ಎದ್ದು ಕೂರುತ್ತದೆ. ಹೊಂದಿಕೊಳ್ಳಲೆಂದು ನಾವು ನಿಧಾನ ಮಾಡಿದಷ್ಟೂ ಮೀನು ಆ ವಿಷದಲ್ಲೇ ನಿಂತಿರಬೇಕಾಗುತ್ತದೆ.

ಆದ್ದರಿಂದ ಅಳಿಯ ಬೇರೆ ದಾರಿ ಹಿಡಿದ. ಮೀನು ಬರುವ ನೀರಿನಲ್ಲಿ ಉಪ್ಪು ಎಷ್ಟಿದೆಯೆಂದು ಅಂಗಡಿಯಲ್ಲಿ ಮೊದಲೇ ಕೇಳಿ, ಚಿಕ್ಕ ತೊಟ್ಟಿಯ ನೀರನ್ನು ಅದಕ್ಕೇ ಸರಿಗಟ್ಟಿಟ್ಟಿದ್ದ. ಮೀನನ್ನು ಹೊಂದಿಸುವ ಬದಲು ನೀರನ್ನು ಹೊಂದಿಸಿದನೆನ್ನಿ. ಬಿಚ್ಚದ ಚೀಲವನ್ನು ಇಪ್ಪತ್ತು ನಿಮಿಷ ತೊಟ್ಟಿಯಲ್ಲಿ ತೇಲಿಬಿಟ್ಟು ಉಷ್ಣತೆ ಸಮವಾದ ಮೇಲೆ, ಚೀಲ ಕತ್ತರಿಸಿ, ಬಲೆ ಬಳಸದೆ ಒಂದು ಸಣ್ಣ ಡಬ್ಬಿಯಲ್ಲಿ ಮೀನನ್ನು ಹಿಡಿದು ಮೆಲ್ಲಗೆ ದಾಟಿಸಿದ. ಚೀಲದ ನೀರನ್ನು ಬಚ್ಚಲಿಗೆ ಸುರಿದ. ತೊಟ್ಟಿಯ ಉಪ್ಪನ್ನು ಮುಂದಿನ ಹಲವು ದಿನಗಳಲ್ಲಿ ಸ್ವಲ್ಪಸ್ವಲ್ಪವಾಗಿ ಏರಿಸಿದ. ಕಡಿಮೆ ಉಪ್ಪಿಗೆ ಇಳಿಯುವುದನ್ನು ಮೀನು ಬೇಗ ಸಹಿಸುತ್ತದೆ. ಹೆಚ್ಚಿನ ಉಪ್ಪಿಗೆ ಏರುವುದಕ್ಕೆ ಅದಕ್ಕೆ ಕಾಲಾವಕಾಶ ಬೇಕು.

ಮೀನು ಒಂದೇ ಒಂದು ಸುತ್ತು ಹಾಕಿತು. ಬೋಗುಣಿಯನ್ನು ಕಂಡಿತು. ಮರಳು ಒಮ್ಮೆ ಅಲುಗಿತು, ಅಷ್ಟೆ.

ಅಂದಿನಿಂದ ಕಾಯುವ ಕೆಲಸ. ನಾನು ಆ ಊರಿಗೆ ಬಂದು ಎರಡೇ ದಿನವಾಗಿತ್ತು. ಮೈಸೂರಿಗೂ ಅಲ್ಲಿಗೂ ಚಳಿಗಾಲದಲ್ಲಿ ಹದಿಮೂರೂವರೆ ಗಂಟೆಗಳ ಅಂತರ. ಮನೆಯವರೆಲ್ಲ ಮಲಗಿದಾಗ ನನಗೆ ಹಗಲು. ಅವರು ಕೆಲಸಕ್ಕೆ ಹೊರಟಾಗ ನನಗೆ ತೂಕಡಿಕೆ. ರಾತ್ರಿಯೆಲ್ಲ ಎಚ್ಚರವಿದ್ದು ಆ ಚಿಕ್ಕ ತೊಟ್ಟಿಯ ಮುಂದೆ ಕುಳಿತಿರುತ್ತಿದ್ದೆ. ಒಮ್ಮೆ ಮಗಳು, “ಅಪ್ಪಾ, ನಿಮಗೂ ಅದಕ್ಕೂ ಒಂದೇ ಕಾಯಿಲೆ” ಎಂದಳು. ಮಾಲ್ದೀವಿನ ಗಡಿಯಾರಕ್ಕೂ ನಮ್ಮ ಗಡಿಯಾರಕ್ಕೂ ವ್ಯತ್ಯಾಸ ಅರ್ಧ ಗಂಟೆ ಮಾತ್ರ. ಈ ಜಾತಿಯ ಮೀನುಗಳು ದೂರದಿಂದ ಬಂದಾಗ ಕೆಲವು ದಿನ ತಮ್ಮ ಊರಿನ ಹಗಲು ರಾತ್ರಿಗಳನ್ನೇ ಪಾಲಿಸುತ್ತವೆ ಎಂಬುದು ಸಾಕುವವರ ಅನುಭವ. ಅದನ್ನು ಕೇಳಿದ ಮೇಲೆ, ಮರಳಿನ ಕೆಳಗೆ ಕಾಣದೆ ಮಲಗಿದ್ದ ಆ ಜೀವ ನನ್ನ ನೆರೆಯೂರಿನದೆಂಬ ಭಾವನೆ ನನಗೆ ಬಂದುಬಿಟ್ಟಿತು.

ಮೂರನೆಯ ದಿನ ಅಳಿಯನಿಗೆ ಮತ್ತೆ ಅದೇ ಚಡಪಡಿಕೆ. ಆದರೆ ಈ ಸಲ ಕಡ್ಡಿಯನ್ನು ಮುಟ್ಟಲಿಲ್ಲ. ಅದರ ಬದಲು ಪ್ರತಿ ಬೆಳಿಗ್ಗೆ ಚಿಟಿಕೆಯುದ್ದದ ಗಾಜಿನ ನಳಿಕೆಯಲ್ಲಿ ತೊಟ್ಟಿಯ ನೀರು ಹಿಡಿದು, ಔಷಧಿಯ ಹನಿ ಬೆರೆಸಿ, ಬೆಳಕಿಗೆ ಎತ್ತಿ ನೋಡುತ್ತಿದ್ದ. ನೀರು ಹಳದಿಯಾಗಿಯೇ ಉಳಿದರೆ ಅಮೋನಿಯ ಇಲ್ಲ. ಹಸಿರಿಗೆ ತಿರುಗಿದರೆ ಇದೆ. ಅಷ್ಟು ಸಣ್ಣ ತೊಟ್ಟಿಯಲ್ಲಿ ಮೀನು ಸತ್ತು ಕೊಳೆತರೆ ಬಣ್ಣ ಹೇಳದೆ ಇರದು. ಮುಟ್ಟದೆ, ಕೆದಕದೆ, ಎಬ್ಬಿಸದೆ ಕುಶಲ ವಿಚಾರಿಸುವ ಉಪಾಯವಿದು. ನಾಲ್ಕನೆಯ ದಿನ ಹಳದಿ. ಆರನೆಯ ದಿನ ಹಳದಿ. ಏಳನೆಯ ದಿನ ಆತ ನಳಿಕೆಯನ್ನು ನನ್ನ ಕೈಗೇ ಕೊಟ್ಟು, “ನೀವೇ ನೋಡಿ ಮಾವ, ನನ್ನ ಕಣ್ಣಿಗೆ ಹಸಿರು ಕಾಣುತ್ತಿದೆ” ಎಂದ. ಹಳದಿಯೇ ಇತ್ತು. ಆ ದಿನಗಳಲ್ಲಿ ಅವರು ಮಾಡಿದ್ದು ಇಷ್ಟೇ: ದೀಪವನ್ನು ದಿನವೂ ಹತ್ತು ಗಂಟೆಗೆ ಹಚ್ಚಿ ರಾತ್ರಿ ಒಂಬತ್ತಕ್ಕೆ ಆರಿಸುವುದು, ದೊಡ್ಡ ತೊಟ್ಟಿಯ ಹುಳುಗಳನ್ನು ಸೋಸಿ ತಂದು ಚಿಕ್ಕದಕ್ಕೆ ಬಿಡುವುದು, ಆ ಕೋಣೆಯಲ್ಲಿ ಯಾರೂ ದಡದಡ ಓಡಾಡದಂತೆ ನೋಡಿಕೊಳ್ಳುವುದು.

ಒಂಬತ್ತನೆಯ ದಿನ ರಾತ್ರಿ ಎಂಟು ಗಂಟೆಯ ಸುಮಾರಿಗೆ ನಾನೊಬ್ಬನೇ ಅಲ್ಲಿದ್ದೆ. ಬೋಗುಣಿಯ ಮರಳಿನಲ್ಲಿ ಎರಡು ಕಣ್ಣು ಕಂಡವು. ಬಹಳ ಹೊತ್ತು ಕಣ್ಣಷ್ಟೇ. ಆ ಮೇಲೆ ಚುಕ್ಕಿಯ ತಲೆ, ಆ ಮೇಲೆ ಮೈಯೆಲ್ಲ. ಕಲ್ಲಿನ ಬಳಿಗೆ ಸಾಗಿ, ಒಂದು ಕಣ್ಣನ್ನು ಓರೆ ಮಾಡಿ ನೋಡಿ, ಏನನ್ನೋ ಕುಕ್ಕಿತು. ಗಡಿಯಾರ ನೋಡಿ ಲೆಕ್ಕ ಹಾಕಿದೆ. ಮಾಲ್ದೀವಿನಲ್ಲಿ ಆಗ ಬೆಳಗಿನ ಒಂಬತ್ತು ಗಂಟೆ, ಮೈಸೂರಿನಲ್ಲಿ ಒಂಬತ್ತೂವರೆ. ನಮ್ಮಿಬ್ಬರಿಗೂ ಬೆಳಗಾಗಿತ್ತು. ಕೂಗಿ ಕರೆಯಲು ಧೈರ್ಯವಾಗದೆ, ಬೆಕ್ಕಿನ ಹೆಜ್ಜೆಯಲ್ಲಿ ಹೋಗಿ ಮಗಳನ್ನೂ ಅಳಿಯನನ್ನೂ ಕರೆತಂದೆ. ಮೂವರೂ ಬಾಗಿಲಲ್ಲೇ ನಿಂತು ನೋಡಿದೆವು.

ಎದ್ದ ಮಾತ್ರಕ್ಕೆ ಗೆದ್ದಂತಲ್ಲ. ಮುಂದಿನದು ಊಟದ ಪಾಠ. ಆರ್ಟೀಮಿಯ ಎಂಬ ಉಪ್ಪುನೀರಿನ ಸೀಗಡಿಯ ಒಣ ಮೊಟ್ಟೆಗಳನ್ನು ಉಪ್ಪುನೀರಿನಲ್ಲಿ ನೆನೆಹಾಕಿದರೆ ಸುಮಾರು ಒಂದು ದಿನದಲ್ಲಿ ಮರಿಗಳಾಗುತ್ತವೆ. ಅಲುಗಾಡುವ ಆ ಮರಿಗಳನ್ನು ಮೀನು ಆಹಾರವೆಂದು ಗುರುತಿಸಿತು. ಹಲವು ದಿನಗಳ ಮೇಲೆ ಅವುಗಳ ಜೊತೆಗೆ ಹಿಮಗಟ್ಟಿಸಿದ ಮೈಸಿಸ್ ಸೀಗಡಿಯ ಸಣ್ಣ ಚೂರುಗಳನ್ನು ಬೆರೆಸಿ, ಬದುಕಿರುವುದನ್ನು ಕ್ರಮೇಣ ಕಡಿಮೆ ಮಾಡಿ, ಚೂರುಗಳನ್ನು ಹೆಚ್ಚಿಸಿದರು. ದಿನಕ್ಕೆ ಒಮ್ಮೆ ಹೊಟ್ಟೆ ತುಂಬ ಹಾಕುವುದಕ್ಕಿಂತ ನಾಲ್ಕು ಸಲ ಸ್ವಲ್ಪ ಸ್ವಲ್ಪ ಹಾಕುವುದು ಮೇಲು. ನೋಡಬೇಕಾದದ್ದು ಬಣ್ಣವನ್ನಲ್ಲ, ಹೊಟ್ಟೆಯನ್ನು. ಬಣ್ಣ ಎಷ್ಟೇ ಹೊಳೆಯಲಿ, ಹೊಟ್ಟೆ ಒಳಕ್ಕೆ ಬತ್ತಿದ್ದರೆ ಮೀನು ಸೋಲುತ್ತಿದೆಯೆಂದೇ ಅರ್ಥ. ತಿನ್ನುತ್ತಿದ್ದರೂ ಹೊಟ್ಟೆ ತುಂಬದಿದ್ದರೆ ಹೊಟ್ಟೆಹುಳುವಿನ ಶಂಕೆ ಪಡಬೇಕು. ನಮ್ಮ ಮೀನು ದಿನೇ ದಿನೇ ಸ್ವಲ್ಪ ಮುಂಚೆ ಏಳತೊಡಗಿತು. ಎರಡು ಮೂರು ವಾರಗಳಲ್ಲಿ ದೀಪ ಹತ್ತಿದ ಹೊತ್ತಿಗೆ ಏಳುವುದು ರೂಢಿಯಾಯಿತು. ನನ್ನ ನಿದ್ದೆ ಅದಕ್ಕಿಂತ ಮೊದಲೇ ಸರಿಹೋಗಿತ್ತು. ಒಂದು ತಿಂಗಳಾದ ಮೇಲೆ ಒಂದು ರಾತ್ರಿ, ಮಲಗಿದ್ದ ಮೀನಿನ ಸಮೇತ ಬೋಗುಣಿಯನ್ನು ಎತ್ತಿ ದೊಡ್ಡ ತೊಟ್ಟಿಯ ಮರಳಿನ ಮೇಲೆ ಇಟ್ಟರು. ಬೆಳಿಗ್ಗೆ ಅದು ತಾನಾಗಿ ಎದ್ದು ಹೊಸ ಮನೆಯನ್ನು ನೋಡಿತು.

ಇಷ್ಟು ಹೇಳಿದ ಮೇಲೆ ಒಂದು ಪ್ರಶ್ನೆ ಉಳಿಯುತ್ತದೆ. ಇಷ್ಟು ಕಷ್ಟಪಟ್ಟು ಉಳಿಸಬೇಕಾದ ಮೀನನ್ನು ಅದರ ಕಡಲಿನಿಂದ ತರುವುದೇ ಏಕೆ? ಮಗಳನ್ನು ನಾನು ಕೇಳಿದೆ. ಮಾರಾಟಕ್ಕೆ ಬರುವ ಚಿರತೆಮೀನುಗಳಲ್ಲಿ ಬಹುಪಾಲು ಕಡಲಿನಲ್ಲಿ ಹಿಡಿದವೇ ಎಂಬುದು ಅವಳಿಗೂ ಗೊತ್ತು. ಅವಳು ಸಮರ್ಥಿಸಿಕೊಳ್ಳಲಿಲ್ಲ. “ತರಬಾರದಿತ್ತೇನೋ. ತಂದ ಮೇಲೆ ಸಾಯಿಸಬಾರದು” ಎಂದಳು. ಈ ಉತ್ತರದಿಂದ ನನಗೆ ಪೂರ್ಣ ತೃಪ್ತಿಯಾಗಿಲ್ಲ. ಆದರೆ ಇದನ್ನು ತಳ್ಳಿಹಾಕಲೂ ಆರೆ. ತೊಟ್ಟಿ ಹಳತಾಗುವವರೆಗೆ, ಮರಳು ಹದವಾಗುವವರೆಗೆ, ಹುಳು ಹುಟ್ಟುವವರೆಗೆ ಕಾಯಲಾರದವರು ಈ ಮೀನಿನ ಆಸೆಯನ್ನು ಬಿಡುವುದೇ ಧರ್ಮ. ನಮ್ಮ ಕರಾವಳಿಯ ಕೇಳುಗರಿಗೆ ಇನ್ನೊಂದು ಮಾತು: ತೊಟ್ಟಿಯ ಅಲಂಕಾರಕ್ಕೆಂದು ಕಡಲಿನ ಕಲ್ಲುಹವಳವನ್ನು ಕಿತ್ತು ತರುವುದು ನಮ್ಮಲ್ಲಿ ಅಪರಾಧ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಅನುಸೂಚಿಗೆ 2001ರಲ್ಲಿ ಅವುಗಳನ್ನು ಸೇರಿಸಲಾಯಿತು. ಹುಲಿಗೆ ಇರುವ ರಕ್ಷಣೆಯೇ ಹವಳಕ್ಕೂ ಇದೆ.

ನಾನು ಊರಿಗೆ ಹೊರಟ ದಿನ ಬೆಳಿಗ್ಗೆ ತೊಟ್ಟಿಯ ಮುಂದೆ ಸ್ವಲ್ಪ ಹೊತ್ತು ನಿಂತಿದ್ದೆ. ದೀಪ ಇನ್ನೂ ಹತ್ತಿರಲಿಲ್ಲ, ಮೀನು ಮರಳಿನಲ್ಲಿತ್ತು. ಅಳಿಯ ಸ್ವಿಚ್ಚಿನ ಕಡೆಗೆ ಕೈ ಚಾಚಿ, “ದೀಪ ಹಚ್ಚಲೇ ಮಾವ, ನೋಡಿಕೊಂಡು ಹೋಗುವಿರಂತೆ” ಎಂದ. ಬೇಡವೆಂದೆ. ಮೈಸೂರಿಗೆ ಬಂದು ಮಲಗಿದ ಮೊದಲ ರಾತ್ರಿ ಎರಡು ಗಂಟೆಗೆ ಎಚ್ಚರವಾಯಿತು. ಮತ್ತೆ ನಿದ್ದೆ ಬರಲಿಲ್ಲ. ಅಲ್ಲಿ ಆಗ ಹಗಲು. ಅದು ಕಲ್ಲಿನ ಮೇಲೆ ಹೆಕ್ಕುತ್ತಿರಬೇಕೆಂದುಕೊಂಡು ಕತ್ತಲಲ್ಲಿ ಸುಮ್ಮನೆ ಮಲಗಿದ್ದೆ.



(ಬಾನುಲಿ ಭಾಷಣ)